ಒಂದೇ ಪಾಸ್‌ವರ್ಡ್, ಹಲವು ಸರ್ವರ್
ಡಯಲ್-ಅಪ್ ಕಾಲದಲ್ಲಿ ಪ್ರತಿ ಸರ್ವರ್ ತನ್ನದೇ ಬಳಕೆದಾರರ ಪಟ್ಟಿ ಇಟ್ಟುಕೊಂಡರೆ, ಒಂದು ಪಾಸ್‌ವರ್ಡ್ ಬದಲಾದರೂ ಎಲ್ಲೆಡೆ ತಿದ್ದಬೇಕಾಗುತ್ತಿತ್ತು. ಯುನಿಕ್ಸ್ ಯಂತ್ರಗಳಿಗಾಗಿ ಸನ್ ಮೈಕ್ರೋಸಿಸ್ಟಮ್ಸ್ 1980ರ ದಶಕದಲ್ಲೇ ಎನ್‌ಐಎಸ್ ಎಂಬ ವ್ಯವಸ್ಥೆಯ ಮೂಲಕ ಪಟ್ಟಿಯನ್ನು ಒಂದೆಡೆ ತಂದಿತ್ತು. ಡಯಲ್-ಅಪ್‌ಗೆ ಪರಿಹಾರ ಹುಡುಕಿದ್ದು ಅಮೆರಿಕದ ಮಿಶಿಗನ್ ರಾಜ್ಯದ ಮೆರಿಟ್ ನೆಟ್‌ವರ್ಕ್. ಅದು 1991ರಲ್ಲಿ ಮುಂದಿಟ್ಟ ಬೇಡಿಕೆಗೆ ಉತ್ತರವಾಗಿ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಕಂಪನಿ ‘ರೇಡಿಯಸ್’ ಎಂಬ ವ್ಯವಸ್ಥೆಯನ್ನು ರೂಪಿಸಿತು.

ಇದರಲ್ಲಿ ಮೋಡೆಮ್ ಕರೆ ಸ್ವೀಕರಿಸುವ ಸರ್ವರ್, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡನ್ನು ಕೇಂದ್ರ ಸರ್ವರ್‌ಗೆ ಕಳುಹಿಸುತ್ತದೆ. ಈ ಎರಡು ಸರ್ವರ್‌ಗಳಿಗೆ ಮಾತ್ರ ಗೊತ್ತಿರುವ ರಹಸ್ಯ ಪದವೊಂದು ದಾರಿಯಲ್ಲಿ ಪಾಸ್‌ವರ್ಡನ್ನು ಮರೆಮಾಡುತ್ತದೆ. ಕೇಂದ್ರ ಸರ್ವರ್‌ನ ಉತ್ತರ ಒಪ್ಪಿಗೆ, ನಿರಾಕರಣೆ ಅಥವಾ ಮರುಪ್ರಶ್ನೆ.

1993ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಬಳಕೆದಾರರ ಕೋಶವನ್ನು ಜಾಲದ ಮೂಲಕ ಕೇಳುವ ಎಲ್‌ಡ್ಯಾಪ್ ಎಂಬ ನಿಯಮಾವಳಿ ಬಂದ ಮೇಲೆ ಮೇಲ್ ಸರ್ವರ್ ಮತ್ತು ರೇಡಿಯಸ್ ಒಂದೇ ಕೋಶವನ್ನು ಕೇಳುವುದು ಸಾಧ್ಯವಾಯಿತು. ರೇಡಿಯಸ್ ಅಂತರ್ಜಾಲದ ತಾಂತ್ರಿಕ ದಾಖಲೆಗಳಾದ ಆರ್‌ಎಫ್‌ಸಿ ಸರಣಿಯಲ್ಲಿ 1997ರಲ್ಲಿ ಆರ್‌ಎಫ್‌ಸಿ 2058 ಆಗಿ, 2000ದಲ್ಲಿ ಪರಿಷ್ಕೃತ ಆರ್‌ಎಫ್‌ಸಿ 2865 ಆಗಿ ಪ್ರಕಟವಾಯಿತು. ಡಯಲ್-ಅಪ್ ಮರೆಯಾದರೂ ಸಂಸ್ಥೆಗಳ ವೈ-ಫೈ ಜಾಲಗಳಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.