ಒಕಿನಾವಾ ಮೇಲ್ಮನೆ ಕ್ಷೇತ್ರದ ಚುನಾವಣಾ ಚರಿತ್ರೆ: ಸ್ಮೃತಿ, ಜೀವನೋಪಾಯ ಮತ್ತು ಮತ

ಚುನಾವಣೆಯ ಚರಿತ್ರೆಯನ್ನು ಪಕ್ಷಗಳ ಬಲಾಬಲದ ಲೆಕ್ಕವಾಗಿ ಓದುವುದು ವಾಡಿಕೆ. ಆದರೆ ಜನಸಮುದಾಯವೊಂದು ತನ್ನ ಗತಕಾಲವನ್ನು ಹೇಗೆ ನೆನೆಯುತ್ತದೆ, ಆ ನೆನಪನ್ನು ಯಾರ ಬಾಯಿಯಿಂದ ಹೇಳಿಸಬಯಸುತ್ತದೆ ಎಂಬುದಕ್ಕೂ ಮತಪೆಟ್ಟಿಗೆ ಸಾಕ್ಷಿಯಾಗಬಲ್ಲದು. ಜಪಾನಿನ ದಕ್ಷಿಣದ ದ್ವೀಪಸ್ತೋಮವಾದ ಒಕಿನಾವಾದ ಮೇಲ್ಮನೆ ಕ್ಷೇತ್ರವು ಈ ದೃಷ್ಟಿಯಿಂದ ವಿಶೇಷ ಅಧ್ಯಯನಕ್ಕೆ ಅರ್ಹವಾಗಿದೆ.

ಜಪಾನಿನ ಮೇಲ್ಮನೆಗೆ ಭಾರತದ ರಾಜ್ಯಸಭೆಯಂತೆ ಪರೋಕ್ಷ ಆಯ್ಕೆಯಿಲ್ಲ. ಜನರೇ ನೇರವಾಗಿ ಮತ ನೀಡುತ್ತಾರೆ. ಸದಸ್ಯರ ಅವಧಿ ಆರು ವರ್ಷ; ಮೂರು ವರ್ಷಗಳಿಗೊಮ್ಮೆ ಅರ್ಧದಷ್ಟು ಸ್ಥಾನಗಳಿಗೆ ಚುನಾವಣೆ ನಡೆಯುತ್ತದೆ. ಒಕಿನಾವಾಕ್ಕೆ ದೊರೆತಿರುವುದು ಎರಡು ಸ್ಥಾನ. ಆದ್ದರಿಂದ ಪ್ರತಿ ಚುನಾವಣೆಯಲ್ಲಿ ಗೆಲ್ಲುವವರು ಒಬ್ಬರೇ. ಈ ವ್ಯವಸ್ಥೆಯು ಅಲ್ಲಿನ ರಾಜಕಾರಣವನ್ನು ಎರಡು ಬಣಗಳ ನೇರ ಸ್ಪರ್ಧೆಯಾಗಿ ರೂಪಿಸಿತು.

1945ರ ಯುದ್ಧದಲ್ಲಿ ಒಕಿನಾವಾದ ಜನಸಂಖ್ಯೆಯ ಸುಮಾರು ಕಾಲುಭಾಗ ನಾಶವಾಯಿತು. ಅನಂತರ 1972ರ ಮೇ 15ರವರೆಗೆ ದ್ವೀಪಗಳು ಅಮೆರಿಕದ ಆಳ್ವಿಕೆಯಲ್ಲಿದ್ದವು. ಆ ಕಾಲದಲ್ಲಿ ಜನರ ಆಯ್ಕೆಗೆ ಭದ್ರತೆ ಇರಲಿಲ್ಲ. 1956ರಲ್ಲಿ ನಾಹಾ ನಗರದ ಮೇಯರ್ ಆಗಿ ಚುನಾಯಿತರಾದ ಸೆನಾಗಾ ಕಾಮೆಜಿರೋ ಅವರನ್ನು ಮರುವರ್ಷವೇ ಅಮೆರಿಕದ ಆಡಳಿತವು ನಿಯಮಗಳನ್ನು ತಿದ್ದಿ ಹುದ್ದೆಯಿಂದ ಇಳಿಸಿತು. ಸ್ಥಳೀಯ ಸರ್ಕಾರದ ಮುಖ್ಯಸ್ಥರನ್ನು ಜನರೇ ಆರಿಸುವ ಅವಕಾಶ ದೊರೆತದ್ದು 1968ರಲ್ಲಿ.

ಈ ಕ್ಷೇತ್ರದ ಮೊದಲ ಚುನಾವಣೆಯೇ ಒಂದು ವೈಚಿತ್ರ್ಯ. ಒಕಿನಾವಾ ಇನ್ನೂ ಪರರ ಆಳ್ವಿಕೆಯಲ್ಲಿದ್ದಾಗಲೇ, 1970ರ ನವೆಂಬರ್ 15ರಂದು, ವಿಶೇಷ ಕಾನೂನಿನ ಮೂಲಕ ಜಪಾನಿನ ಸಂಸತ್ತಿಗೆ ಪ್ರತಿನಿಧಿಗಳನ್ನು ಆರಿಸಲಾಯಿತು. ತಮ್ಮ ನೆಲಕ್ಕೆ ಅನ್ವಯಿಸದ ಕಾನೂನುಗಳ ಮೇಲೆ ಅವರು ಟೋಕಿಯೋದಲ್ಲಿ ಮತ ಹಾಕಬೇಕಾಗಿತ್ತು. ಮೇಲ್ಮನೆಗೆ ಆರಿಸಿಬಂದವರು ಕ್ಯಾನ್ ಶಿನ್‌ಎಯಿ ಮತ್ತು ಇನಾಮಿನೆ ಇಚಿರೋ. ಮೊದಲನೆಯವರು ಶಿಕ್ಷಕರ ಸಂಘಟನೆಯಿಂದ ಬಂದು, ಮಾತೃದೇಶಕ್ಕೆ ಮರಳುವ ಚಳವಳಿಯನ್ನು ಮುನ್ನಡೆಸಿದವರು. ಎರಡನೆಯವರು ತೈಲ ಉದ್ಯಮವನ್ನು ಕಟ್ಟಿದವರು, ಸಂಪ್ರದಾಯವಾದಿ ಪಕ್ಷದ ಕಡೆಯವರು. ಒಂದು ಕಡೆ ಶಾಲೆ, ಇನ್ನೊಂದು ಕಡೆ ವ್ಯಾಪಾರ. ಮುಂದಿನ ಅರ್ಧ ಶತಮಾನದ ಸ್ಪರ್ಧೆಯ ಎರಡೂ ಧ್ರುವಗಳು ಈ ಇಬ್ಬರಲ್ಲಿಯೇ ಗೋಚರಿಸುತ್ತವೆ.

1986ರಲ್ಲಿ ಉದಾರವಾದಿ ಪ್ರಜಾಸತ್ತಾತ್ಮಕ ಪಕ್ಷದ ಓಶಿರೋ ಶಿನ್‌ಜುನ್ ಗೆದ್ದರು. 1992ರಲ್ಲಿ ಶಿಮಾಬುಕುರೋ ಸೋಕೋ ಅವರು ಓಶಿರೋ ಅವರನ್ನು ಕೇವಲ 341 ಮತಗಳಿಂದ ಸೋಲಿಸಿದರು. ಶಿಮಾಬುಕುರೋ ಅವರ ಸಾಮಾಜಿಕ ಜನತಾ ಪಕ್ಷವು 1950ರಲ್ಲಿ ಒಕಿನಾವಾದಲ್ಲಿಯೇ ಹುಟ್ಟಿದ ಪ್ರಾದೇಶಿಕ ಪಕ್ಷ. ದೊಡ್ಡ ರಾಷ್ಟ್ರೀಯ ಪಕ್ಷಗಳ ನಡುವೆ ಇಂತಹ ಸ್ಥಳೀಯ ಪಕ್ಷವೊಂದು ಬಾಳಿಬಂದಿರುವುದು ಗಮನಾರ್ಹ. 1995ರಲ್ಲಿ ವಕೀಲ ತೆರುಯಾ ಕಾಂತೊಕು ಗೆದ್ದರೆ, 2001ರಲ್ಲಿ ಹಿಂದಿನ ಗವರ್ನರ್ ನಿಶಿಮೆ ಜುನ್‌ಜಿ ಅವರ ಪುತ್ರ ಜುನ್‌ಶಿರೋ ಗೆದ್ದು ಸ್ಥಾನವನ್ನು ಆಡಳಿತ ಪಕ್ಷಕ್ಕೆ ಮರಳಿಸಿದರು.

ಜಾನಪದ ಅಧ್ಯಯನದ ದೃಷ್ಟಿಯಿಂದ ಅತ್ಯಂತ ಕುತೂಹಲಕರ ವ್ಯಕ್ತಿ ಇತೊಕಾಜು ಕೆಯಿಕೊ. 1947ರಲ್ಲಿ ಜನಿಸಿದ ಇವರು ಪ್ರವಾಸಿ ಬಸ್ಸಿನ ಮಾರ್ಗದರ್ಶಿಯಾಗಿದ್ದವರು. ಯುದ್ಧಭೂಮಿಯನ್ನು ನೋಡಬಂದವರಿಗೆ ಹೇಳುವ ವಿವರಣೆಯಲ್ಲಿ ಮೊದಲು ಸೈನಿಕರ ವೀರಮರಣಕ್ಕೆ ಪ್ರಾಧಾನ್ಯವಿತ್ತು. ಕ್ರಮೇಣ ಗುಹೆಗಳಲ್ಲಿ ಅಡಗಿ ಸತ್ತ ಸಾಮಾನ್ಯ ಜನರ ಕಥನ ಮುನ್ನೆಲೆಗೆ ಬಂದಿತು. ಆ ಬದಲಾವಣೆಯ ಧ್ವನಿಗಳಲ್ಲಿ ಇತೊಕಾಜು ಅವರದೂ ಒಂದು. ಬಾಯಿಮಾತಿನ ಪರಂಪರೆಯಿಂದ ಬಂದ ಈ ನಿರೂಪಕಿಯನ್ನು 2004ರಲ್ಲಿ ಮತದಾರರು ಮೇಲ್ಮನೆಗೆ ಕಳುಹಿಸಿದರು. 2006ರಲ್ಲಿ ಅವರು ರಾಜೀನಾಮೆ ನೀಡಿ ಗವರ್ನರ್ ಸ್ಥಾನಕ್ಕೆ ನಿಂತು ಸೋತರು. ತೆರವಾದ ಸ್ಥಾನವನ್ನು 2007ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಆಡಳಿತ ಪಕ್ಷದ ಬೆಂಬಲ ಪಡೆದ ಶಿಮಾಜಿರಿ ಐಕೊ ಗೆದ್ದರು. ಮೂರೇ ತಿಂಗಳಲ್ಲಿ ನಡೆದ ಸಾರ್ವತ್ರಿಕ ಚುನಾವಣೆಯಲ್ಲಿ ಇತೊಕಾಜು ಇನ್ನೊಂದು ಸ್ಥಾನವನ್ನು ಭಾರಿ ಅಂತರದಿಂದ ಪಡೆದರು. 2013ರಲ್ಲಿ ದೇಶದ 31 ಏಕಸದಸ್ಯ ಕ್ಷೇತ್ರಗಳ ಪೈಕಿ 29ರಲ್ಲಿ ಆಡಳಿತ ಪಕ್ಷವೇ ಗೆದ್ದಿತು. ಉಳಿದ ಎರಡರಲ್ಲಿ ಒಂದು ಒಕಿನಾವಾ. ಅಲ್ಲಿ ಗೆದ್ದವರು ಇತೊಕಾಜು.

ಜಪಾನಿನ ಭೂಪ್ರದೇಶದ ಶೇ. 0.6ರಷ್ಟಿರುವ ಈ ದ್ವೀಪಗಳಲ್ಲಿ ಅಮೆರಿಕದ ಸೇನೆ ಮಾತ್ರ ಬಳಸುವ ನೆಲೆಗಳ ಸುಮಾರು ಶೇ. 70 ಭಾಗವಿದೆ. ಫುತೆನ್ಮಾ ನೆಲೆಯನ್ನು ಮರಳಿಸುವ ಒಪ್ಪಂದ 1996ರಲ್ಲಿ ಆಯಿತಾದರೂ, ಅದರ ಬದಲಿಗೆ ಹೆನೊಕೊದಲ್ಲಿ ಸಮುದ್ರ ತುಂಬಿಸಿ ಹೊಸ ನೆಲೆ ಕಟ್ಟುವ ಯೋಜನೆ ವಿವಾದದ ಕೇಂದ್ರವಾಯಿತು. 2016ರಲ್ಲಿ ಫುತೆನ್ಮಾ ಇರುವ ಗಿನೊವಾನ್ ನಗರದ ಮಾಜಿ ಮೇಯರ್ ಇಹಾ ಯೋಯಿಚಿ, ಕೇಂದ್ರದಲ್ಲಿ ಒಕಿನಾವಾ ವ್ಯವಹಾರಗಳ ಸಚಿವೆಯಾಗಿದ್ದ ಶಿಮಾಜಿರಿ ಅವರನ್ನು 1,06,400 ಮತಗಳಿಂದ ಸೋಲಿಸಿದರು. 2019ರ ಫೆಬ್ರವರಿಯ ಜನಮತಗಣನೆಯಲ್ಲಿ ಮತ ಹಾಕಿದವರಲ್ಲಿ ಸುಮಾರು ಶೇ. 72 ಮಂದಿ ಆ ಯೋಜನೆಯನ್ನು ತಿರಸ್ಕರಿಸಿದರು. ಅದೇ ವರ್ಷ ಸಂವಿಧಾನ ವಿದ್ವಾಂಸ ತಕಾರಾ ತೆತ್ಸುಮಿ ಆಯ್ಕೆಯಾದರು. ಆದರೂ ಕಾಮಗಾರಿ ನಿಲ್ಲಲಿಲ್ಲ.

ಆದರೆ ಈ ಚರಿತ್ರೆಯನ್ನು ಪ್ರತಿರೋಧದ ಏಕಮುಖ ಕಥನವೆಂದು ಭಾವಿಸುವುದು ಸರಿಯಾಗಲಾರದು. ಮಾತೃದೇಶಕ್ಕೆ ಮರಳಿ ಐವತ್ತು ವರ್ಷ ತುಂಬಿದ 2022ರಲ್ಲಿ ಇಹಾ ಅವರಿಗೆ 2,74,235 ಮತಗಳೂ ಎದುರಾಳಿ ಕೊಜಾ ಗೆಂತಾ ಅವರಿಗೆ 2,71,347 ಮತಗಳೂ ಬಂದವು. ಅಂತರ ಕೇವಲ 2,888. ಆರು ವರ್ಷಗಳಲ್ಲಿ ಒಂದು ಲಕ್ಷದ ಅಂತರ ಮೂರು ಸಾವಿರದೊಳಗೆ ಇಳಿಯಿತು. ಯುದ್ಧವನ್ನು ಕಂಡ ತಲೆಮಾರು ಕರಗುತ್ತಿರುವುದು, ಕೂಲಿ ಮತ್ತು ಉದ್ಯೋಗದ ಚಿಂತೆ, ಕೇಂದ್ರದ ಅನುದಾನದ ಅಗತ್ಯ ಇವೆಲ್ಲವೂ ಮತದಾರರ ಮುಂದಿದ್ದ ಪ್ರಶ್ನೆಗಳು. ಸೇನಾನೆಲೆಗೆ ಹಾಕಿದ ಮತವೆಂದು ಇದನ್ನು ಸರಳೀಕರಿಸಲಾಗದು. ಜೀವನೋಪಾಯವೂ ಸ್ಮೃತಿಯಷ್ಟೇ ನಿಜವಾದುದು.

ಸ್ಮೃತಿಯ ಪ್ರಶ್ನೆ 2025ರಲ್ಲಿ ಮತ್ತೆ ಎದ್ದಿತು. ಯುದ್ಧಕಾಲದಲ್ಲಿ ಶುಶ್ರೂಷೆಗೆ ಕರೆದೊಯ್ಯಲಾದ 240 ವಿದ್ಯಾರ್ಥಿನಿಯರು ಮತ್ತು ಅಧ್ಯಾಪಕರಲ್ಲಿ 136 ಮಂದಿ ಮಡಿದರು. ಅವರ ನೆನಪಿಗೆ ನಿಂತ ಹಿಮೆಯೂರಿ ಸ್ಮಾರಕದ ವಿವರಣೆಯು ಚರಿತ್ರೆಯನ್ನು ತಿರುಚುತ್ತದೆಂದು ಹೊರಪ್ರಾಂತ್ಯದ ಆಡಳಿತ ಪಕ್ಷದ ಮೇಲ್ಮನೆ ಸದಸ್ಯರೊಬ್ಬರು ಮೇ ತಿಂಗಳಲ್ಲಿ ನಾಹಾದಲ್ಲಿ ಆಡಿದ ಮಾತು ತೀವ್ರ ಟೀಕೆಗೆ ಗುರಿಯಾಯಿತು. ಜುಲೈನ ಚುನಾವಣೆಯಲ್ಲಿ ಒಕಿನಾವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ತಕಾರಾ ಸಾಚಿಕಾ ಆಡಳಿತ ಪಕ್ಷದ ಅಭ್ಯರ್ಥಿಯನ್ನು ಸೋಲಿಸಿದರು. ಆ ಮಾತೇ ಫಲಿತಾಂಶಕ್ಕೆ ಕಾರಣವೆಂದು ಹೇಳಲು ಆಧಾರ ಸಾಲದು. ಯುದ್ಧದ ಕಥನವನ್ನು ಹೇಳುವ ಹಕ್ಕು ಯಾರದು ಎಂಬುದು ಅಲ್ಲಿ ಇಂದಿಗೂ ರಾಜಕೀಯ ಪ್ರಶ್ನೆ ಎಂಬುದನ್ನಂತೂ ಅದು ತೋರಿಸುತ್ತದೆ.

ಒಟ್ಟಿನಲ್ಲಿ, 248 ಸದಸ್ಯರ ಸದನದಲ್ಲಿ ಎರಡು ಮತಗಳಿಂದ ಕಾನೂನನ್ನು ಬದಲಿಸಲಾಗದು ಎಂಬುದು ಒಕಿನಾವಾದ ಮತದಾರರಿಗೆ ತಿಳಿಯದ ಸಂಗತಿಯಲ್ಲ. ಆದರೂ ಶಿಕ್ಷಕ, ವಕೀಲ, ಬಸ್ಸಿನ ಮಾರ್ಗದರ್ಶಿ, ಸಂವಿಧಾನ ವಿದ್ವಾಂಸರನ್ನು ಅವರು ಮತ್ತೆ ಮತ್ತೆ ಆರಿಸಿದ್ದಾರೆ. ಇವರೆಲ್ಲರೂ ವೃತ್ತಿಯಿಂದಲೇ ಹೇಳುವವರು, ವಾದಿಸುವವರು, ಕಲಿಸುವವರು. ಕಂಡವರು ಇಲ್ಲವಾದ ಮೇಲೆ ಹೇಳುವವರ ಮಾತಿಗೆ ಎಷ್ಟು ಮತ ದೊರೆಯುತ್ತದೆ ಎಂಬುದೇ ಈ ಕ್ಷೇತ್ರದ ಮುಂದಿನ ಚರಿತ್ರೆಯ ವಸ್ತುವಾಗಲಿದೆ.