ಎಂಜಿನ್ ಇಳಿಸುವ ಎರಡು ದಾರಿ

ಕಾರಿನ ಎಂಜಿನ್ನನ್ನು ಮನೆಯ ಮುಂದೆಯೇ ಬಿಚ್ಚಿ ಹೊರತೆಗೆಯುವುದು ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಅಪರೂಪದ ಕೆಲಸವೇನೂ ಆಗಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವ ಶಕ್ತಿ ಅಲ್ಲಿನ ಕಾರ್ಮಿಕ ಕುಟುಂಬಗಳಿಗೂ ಬಂತು. ಗ್ಯಾರೇಜಿನ ಮಜೂರಿ ಕೊಡುವ ಶಕ್ತಿ ಎಲ್ಲರಿಗೂ ಬರಲಿಲ್ಲ. ರಜೆಯ ದಿನ ಬಾನೆಟ್ ಎತ್ತಿ, ಕೈಗೆ ಗ್ರೀಸ್ ಮೆತ್ತಿಕೊಳ್ಳುವ ರೂಢಿ ಬೆಳೆದದ್ದು ಹಾಗೆ. 1960ರ ದಶಕದಲ್ಲಿ ಈ ರೂಢಿಗೆ ಪುಸ್ತಕಗಳ ಬೆಂಬಲವೂ ಸಿಕ್ಕಿತು. ಏಡನ್‌ನಲ್ಲಿ ವಾಯುಪಡೆಯ ನೌಕರಿಯಲ್ಲಿದ್ದ ಜಾನ್ ಹೇನ್ಸ್ ತಮ್ಮ ಸಹೋದ್ಯೋಗಿಯ ಆಸ್ಟಿನ್ ಹೀಲಿ ಸ್ಪ್ರೈಟ್ ಕಾರನ್ನು ಪೂರ್ತಿ ಬಿಚ್ಚಿ ಜೋಡಿಸಿದ ಅನುಭವದಿಂದ 1966ರಲ್ಲಿ ತಮ್ಮ ಮೊದಲ ದುರಸ್ತಿ ಕೈಪಿಡಿ ತಂದರು. ಅದು ಕಂಪನಿಯ ಮೆಕ್ಯಾನಿಕ್ಕಿಗಾಗಿ ಬರೆದದ್ದಲ್ಲ, ಕಾರಿನ ಮಾಲೀಕನಿಗಾಗಿ ಬರೆದದ್ದು. ಇಂದು ಈ ರೂಢಿ ಹೆಚ್ಚುಕಡಿಮೆ ಅಳಿದಿದೆ. ಏಕೆಂದು ಕೇಳಿದರೆ ಸಿದ್ಧವಾಗಿರುವ ಉತ್ತರ, ಕಾರಿಗೆ ಕಂಪ್ಯೂಟರ್ ಬಂತು ಎಂಬುದು. ನನಗೆ ಈ ಉತ್ತರ ಒಪ್ಪಿಗೆಯಿಲ್ಲ. ಎಂಜಿನ್ ಯಾವ ಕಡೆಯಿಂದ ಹೊರಬರುತ್ತದೆ, ಬರುವಾಗ ತನ್ನ ಜೊತೆ ಏನೇನನ್ನು ಎಳೆದುಕೊಂಡು ಬರುತ್ತದೆ ಎಂಬುದರಲ್ಲಿ ನಿಜವಾದ ಉತ್ತರವಿದೆ.

ಬಹುಕಾಲ ಎಂಜಿನ್‌ಗೆ ಇದ್ದದ್ದು ಒಂದೇ ದಾರಿ, ಮೇಲಿನದು. ಫೋರ್ಡ್‌ನ ಮಾಡೆಲ್ ಟಿ ಕಾಲದಲ್ಲಿ ಚಾಸಿ ಬೇರೆ, ಬಾಡಿ ಬೇರೆ. ಚಾಸಿಯ ಮೇಲೆ ಎಂಜಿನ್ ಕೂತ ನಂತರವೇ ಬಾಡಿ ಬಂದು ಕೂರುತ್ತಿತ್ತು. ಮುಂದೆ ಚಾಸಿ ಹೋಗಿ ಬಾಡಿಯೇ ಚಾಸಿಯಾದಾಗಲೂ ಎಂಜಿನ್ ಉದ್ದುದ್ದ ಕೂತಿರುತ್ತಿತ್ತು, ಅದರ ಹಿಂದೆ ಗೇರ್‌ಬಾಕ್ಸ್, ಆಮೇಲೆ ಶಾಫ್ಟು. ನಮ್ಮ ಅಂಬಾಸಿಡರ್ ಇದಕ್ಕೆ ಚೆನ್ನಾದ ಉದಾಹರಣೆ. ಅದು ಮೂಲತಃ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತ 2014ರವರೆಗೂ ಬದುಕಿತು. ಅದರ ಬಾನೆಟ್ ತೆಗೆದರೆ ಎಂಜಿನ್ನಿನ ಸುತ್ತ ಕೈಯಾಡಿಸುವಷ್ಟು ಜಾಗ. ಮೂರು ಪೈಪು ಸೇರಿಸಿ ನಿಲ್ಲಿಸಿದ ಮುಕ್ಕಾಲಿ, ಅದಕ್ಕೊಂದು ಚೈನ್ ಪುಲ್ಲಿ ಇದ್ದರೆ ಕೆಲಸ ನಡೆಯುತ್ತಿತ್ತು. ಆದರೆ ನಮ್ಮಲ್ಲಿ ಅದನ್ನು ಇಳಿಸುತ್ತಿದ್ದವರು ಮೇಸ್ತ್ರಿಗಳೇ ಹೊರತು ಮಾಲೀಕರಲ್ಲ. ಮಜೂರಿ ಅಗ್ಗವಿದ್ದ ದೇಶದಲ್ಲಿ ಮಾಲೀಕನೇ ಕಾರಿನಡಿಗೆ ಮಲಗುವ ಪ್ರಮೇಯವೇ ಬರಲಿಲ್ಲ. ಹಾಗಾಗಿ ಮನೆಯಲ್ಲೇ ಎಂಜಿನ್ ಬಿಚ್ಚುವ ರೂಢಿಯ ಚರಿತ್ರೆಗೆ ಇಂಗ್ಲೆಂಡಿಗೇ ಹೋಗಬೇಕು, ಅದರಲ್ಲೂ ಮಿನಿ ಕಾರಿನ ಹತ್ತಿರ.

ಸೂಯೆಜ್ ಬಿಕ್ಕಟ್ಟಿನಿಂದ ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಒಂದು ಪುಟ್ಟ ಕಾರಿನ ವಿನ್ಯಾಸವನ್ನು ಅಲೆಕ್ ಇಸಿಗೋನಿಸ್ ಅವರಿಗೆ ವಹಿಸಿತು. 1959ರ ಆಗಸ್ಟ್ 26ರಂದು ಆ ಕಾರು ಬಿಡುಗಡೆಯಾಯಿತು. ಹತ್ತು ಅಡಿ ಉದ್ದದ ಬಾಡಿಯಲ್ಲಿ ನಾಲ್ಕು ಜನರನ್ನು ಕೂರಿಸಲು ಇಸಿಗೋನಿಸ್ 848 ಸಿಸಿಯ ಎಂಜಿನ್ನನ್ನು ಅಡ್ಡಲಾಗಿ ಇಟ್ಟರು, ಗೇರ್‌ಬಾಕ್ಸನ್ನು ಅದರ ಹೊಟ್ಟೆಯಡಿ ಆಯಿಲ್ ಸಂಪಿನೊಳಗೇ ತುರುಕಿದರು. ಮೊದಲ ಮಾದರಿಗಳಲ್ಲಿ ಸಸ್ಪೆನ್ಷನ್ ಕೂರುವ ಜಾಗದಲ್ಲಿ ಬಾಡಿಯ ತಗಡು ಬಿರುಕು ಬಿಡುತ್ತಿತ್ತು. ಅದಕ್ಕೆ ಪರಿಹಾರವಾಗಿ ಮುಂದೊಂದು, ಹಿಂದೊಂದು ಸಬ್‌ಫ್ರೇಮ್ ಎಂಬ ಬಿಡಿ ಚೌಕಟ್ಟು ಬಂತು. ಬಿರುಕಿಗೆ ಕಂಡುಕೊಂಡ ಈ ಉಪಾಯದಿಂದ ಕಾರ್ಖಾನೆಗೆ ಬೇರೊಂದು ಅನುಕೂಲವೂ ಆಯಿತು: ಎಂಜಿನ್, ಗೇರ್‌ಬಾಕ್ಸ್, ಮುಂದಿನ ಸಸ್ಪೆನ್ಷನ್ ಎಲ್ಲವನ್ನೂ ಸಬ್‌ಫ್ರೇಮಿನ ಮೇಲೆ ಮೊದಲೇ ಜೋಡಿಸಿಟ್ಟುಕೊಂಡು ಬಾಡಿಗೆ ಕೆಳಗಿನಿಂದ ಕೂಡಿಸಬಹುದಿತ್ತು. ಹೀಗೆ ಮಿನಿಗೆ ಎರಡು ಬಾಗಿಲಾದವು. ಎಂಜಿನ್ನನ್ನು ಮಾತ್ರ ಮೇಲಕ್ಕೆ ಎತ್ತಬಹುದು, ಇಲ್ಲವೇ ಸಬ್‌ಫ್ರೇಮ್ ಸಮೇತ ಕೆಳಗೆ ಬಿಡಬಹುದು. ಮಿನಿಯ ಕೈಪಿಡಿಗಳು ಎರಡನ್ನೂ ವಿವರಿಸುತ್ತವೆ. ಮಿನಿಯ ಮಾಲೀಕನಿಗೆ ಎರಡರಲ್ಲೊಂದು ತಪ್ಪುತ್ತಲೂ ಇರಲಿಲ್ಲ. ಗೇರ್‌ಬಾಕ್ಸಿನ ಒಂದು ಬೇರಿಂಗ್ ಸದ್ದು ಮಾಡಿದರೂ ಎಂಜಿನ್ ಹೊರಬರಲೇಬೇಕು, ಏಕೆಂದರೆ ಎರಡೂ ಒಂದೇ ಗಂಟು.

ಮೇಲಿನ ದಾರಿಯಲ್ಲಿ ಬಾನೆಟ್, ರೇಡಿಯೇಟರ್, ಕಾರ್ಬ್ಯುರೇಟರ್ ಬರುತ್ತವೆ. ಸೈಲೆನ್ಸರ್ ಪೈಪಿನ ಕ್ಲ್ಯಾಂಪ್ ಬಿಡುತ್ತದೆ. ಚಕ್ರಗಳಿಗೆ ಹೋಗುವ ಶಾಫ್ಟುಗಳನ್ನು ಕಳಚಬೇಕಾಗುತ್ತದೆ. ಸ್ಪೀಡೋಮೀಟರ್ ಕೇಬಲ್ ಮಾತ್ರ ಎಂಜಿನ್ನಿಗೂ ಹಿಂದಿನ ಗೋಡೆಗೂ ನಡುವೆ ಕೈ ತೂರದ ಸಂದಿಯಲ್ಲಿರುತ್ತದೆ. ಅದಕ್ಕೆ ಎಂಜಿನ್ನನ್ನು ಸ್ವಲ್ಪ ಎತ್ತಿ, ಪುಲ್ಲಿಯಲ್ಲಿ ತೂಗುಬಿಟ್ಟು, ಆಮೇಲೆ ಕೇಬಲ್ ಬಿಚ್ಚುವುದೇ ಪದ್ಧತಿ. ಗೇರ್‌ಬಾಕ್ಸ್ ಸೇರಿ ಒಂದೂವರೆ ಕ್ವಿಂಟಲ್ ಆಸುಪಾಸಿನ ಭಾರ ನೇತಾಡುತ್ತಿರುವಾಗ ಅದರ ಹಿಂದೆ ಬೆರಳು ತೂರಿಸುವ ಈ ಘಟ್ಟ ಧೈರ್ಯದ ಪರೀಕ್ಷೆಯೇ ಸರಿ. ಕೆಳಗಿನ ದಾರಿಯಲ್ಲಿ ಇದೆಲ್ಲ ಕಾಟವಿಲ್ಲ. ಸಬ್‌ಫ್ರೇಮನ್ನು ಬಾಡಿಗೆ ಹಿಡಿದಿರುವ ಬೋಲ್ಟುಗಳನ್ನು ಬಿಚ್ಚಿ, ಬಾಡಿಯ ಮುಂಭಾಗವನ್ನು ನಾಲ್ಕು ಜನ ಎತ್ತಿ ಹಿಡಿದರೆ ಎಂಜಿನ್ ತನ್ನ ಚಕ್ರಗಳ ಮೇಲೇ ಉರುಳಿ ಹೊರಬರುತ್ತದೆ. ಚೈನ್ ಪುಲ್ಲಿ ಕೂಡ ಬೇಡ. ಕೇಳಲು ಇದು ಸುಲಭ. ಆದರೆ ಬ್ರೇಕಿನ ಪೈಪು ಬಿಚ್ಚಬೇಕು, ಮತ್ತೆ ಜೋಡಿಸಿ ಗಾಳಿ ತೆಗೆಯಬೇಕು, ಸ್ಟಿಯರಿಂಗ್ ಕಳಚಬೇಕು. 1964ರಿಂದ ಕೆಲವು ವರ್ಷ ಮಿನಿಗೆ ಹೈಡ್ರೊಲಾಸ್ಟಿಕ್ ಸಸ್ಪೆನ್ಷನ್ ಬಂತು. ಅದರಲ್ಲಿ ಒತ್ತಡದಲ್ಲಿರುವ ದ್ರವ ತುಂಬಿರುತ್ತಿತ್ತು. ಅದನ್ನು ಇಳಿಸಿ ಮತ್ತೆ ತುಂಬುವ ವಿಶೇಷ ಪಂಪ್ ಇರುತ್ತಿದ್ದುದು ಕಂಪನಿಯ ಡೀಲರ್ ಹತ್ತಿರ. ಅಂದರೆ ಅದೇ ಕಾರು, ಅದೇ ಎಂಜಿನ್. ಮೇಲಿನಿಂದ ತೆಗೆದರೆ ಮಾಲೀಕ ಸ್ವತಂತ್ರ, ಕೆಳಗಿನಿಂದ ತೆಗೆದರೆ ಡೀಲರ್ ಬಾಗಿಲಲ್ಲಿ ನಿಲ್ಲಬೇಕು.

ಇದಕ್ಕೆ ಎದುರಾಗಿ ಯಾರಾದರೂ ಫೋಕ್ಸ್‌ವ್ಯಾಗನ್ ಬೀಟಲ್ ತೋರಿಸಬಹುದು, ತೋರಿಸಲೇಬೇಕು. ಆ ಕಾರಿನ ಎಂಜಿನ್ ಕೆಳಗಿನಿಂದಲೇ ಬರುತ್ತದೆ. ಕ್ಲಚ್ ಪ್ಲೇಟ್ ಬದಲಿಸಲೂ ಎಂಜಿನ್ ಇಳಿಸಲೇಬೇಕು. ಆದರೂ ಜಗತ್ತಿನಲ್ಲಿ ಮನೆಯವರ ಕೈಗೆ ಅಷ್ಟು ಸಲೀಸಾಗಿ ಒಗ್ಗಿದ ಎಂಜಿನ್ ಇನ್ನೊಂದಿರಲಿಕ್ಕಿಲ್ಲ. ಅಮೆರಿಕದಲ್ಲಿ ಜಾನ್ ಮ್ಯೂರ್ ಎಂಬ ಎಂಜಿನಿಯರ್ 1969ರಲ್ಲಿ ಏನೂ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ ಬೀಟಲ್ ದುರಸ್ತಿಯ ಪುಸ್ತಕ ಬರೆದಾಗ ಅದು ಅಲ್ಲಿನ ಯುವಜನರ ಮನೆಮನೆಯ ಪುಸ್ತಕವೇ ಆಯಿತು. ಹಾಗಾದರೆ ದಿಕ್ಕಿನ ವಾದ ಬಿತ್ತಲ್ಲ? ಬೀಳಲಿಲ್ಲ, ಆದರೆ ತಿದ್ದಿಕೊಳ್ಳಬೇಕಾಯಿತು ನಿಜ. ಬೀಟಲ್ ಎಂಜಿನ್ ಬರುವುದು ಒಂಟಿಯಾಗಿ. ಗಾಳಿಯಿಂದ ತಣಿಯುವುದರಿಂದ ರೇಡಿಯೇಟರ್ ಇಲ್ಲ. ಗೇರ್‌ಬಾಕ್ಸ್ ಕಾರಿನಲ್ಲೇ ಉಳಿಯುತ್ತದೆ, ಸಸ್ಪೆನ್ಷನ್, ಬ್ರೇಕು ಯಾವುದಕ್ಕೂ ಕೈ ಹಚ್ಚುವುದಿಲ್ಲ. ಪೆಟ್ರೋಲ್ ಪೈಪು, ಆಕ್ಸಿಲರೇಟರ್ ಕೇಬಲ್, ಹೀಟರ್‌ನ ಕೊಳವೆಗಳು, ಒಂದಿಷ್ಟು ವೈರು, ಕೊನೆಗೆ ಗೇರ್‌ಬಾಕ್ಸಿಗೆ ಹಿಡಿದಿರುವ ನಾಲ್ಕು ಬೋಲ್ಟು. ನೂರು ಕಿಲೋ ಆಸುಪಾಸಿನ ಎಂಜಿನ್ ಹಿಂದಕ್ಕೆ ಸರಿದು ಜಾಕ್ ಮೇಲೆ ಕೂರುತ್ತದೆ. ಆದ್ದರಿಂದ ಮೇಲೋ ಕೆಳಗೋ ಎಂಬುದಕ್ಕಿಂತ ಜೊತೆಯಲ್ಲಿ ಏನು ಬರುತ್ತದೆ ಎಂಬುದೇ ಮುಖ್ಯ. ಮಿನಿಯ ನಂತರ ಅಡ್ಡ ಎಂಜಿನ್ ಮತ್ತು ಮುಂದಿನ ಚಕ್ರಕ್ಕೆ ಶಕ್ತಿ ಎಂಬ ವಿನ್ಯಾಸ ಸಣ್ಣ ಕಾರುಗಳಲ್ಲೆಲ್ಲ ಹರಡಿತು, 1983ರಲ್ಲಿ ಮಾರುತಿ 800 ಮೂಲಕ ನಮ್ಮಲ್ಲಿಗೂ ಬಂತು. ಬರಬರುತ್ತ ಬಾನೆಟ್ ಅಡಿಯ ಜಾಗ ಕಿರಿದಾಯಿತು. ಈಗಿನ ಅನೇಕ ಕಾರುಗಳಲ್ಲಿ ಎಂಜಿನ್, ಗೇರ್‌ಬಾಕ್ಸ್, ಸ್ಟಿಯರಿಂಗ್, ಸಸ್ಪೆನ್ಷನ್ ಒಟ್ಟಾಗಿ ಕೆಳಗಿನಿಂದಲೇ ಇಳಿಯಬೇಕು. ಕಾರನ್ನು ಆಳೆತ್ತರಕ್ಕೆ ಎತ್ತುವ ಲಿಫ್ಟು ಯಾರ ಮನೆಯಲ್ಲಿದೆ?

ಕಂಪ್ಯೂಟರಿನ ವಾದಕ್ಕೆ ಮರಳೋಣ. ಎಂಜಿನ್‌ಗೆ ಏನು ರೋಗ ಎಂದು ಪತ್ತೆ ಮಾಡುವ ಕೆಲಸವನ್ನು ಕಂಪ್ಯೂಟರ್ ಖಂಡಿತ ಮನೆಯವನ ಕೈಯಿಂದ ಕಿತ್ತುಕೊಂಡಿತು. ಎಂಜಿನ್ ಎತ್ತುವ ಕೆಲಸಕ್ಕೆ ಅದರಿಂದಾದ ತೊಂದರೆ ಒಂದು ಕನೆಕ್ಟರ್ ಕಳಚುವಷ್ಟು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಈಗಿನ ಎಂಜಿನ್‌ಗಳು ಬೇಗ ಸವೆಯುವುದಿಲ್ಲ, ಬೋರ್ ಮಾಡಿಸುವ ಪ್ರಸಂಗವೇ ಅಪರೂಪ, ಮತ್ತೆ ಇಳಿಸುವುದೇಕೆ? ಇದನ್ನು ಒಪ್ಪುತ್ತೇನೆ, ಬೇಡಿಕೆ ಕುಗ್ಗಿದ್ದಕ್ಕೆ ಇದು ಕಾರಣ. ಆದರೆ ಎಂಜಿನ್ ಇಳಿಯುತ್ತಿದ್ದುದು ಅದರ ಸವೆತಕ್ಕಾಗಿಯೇ ಅಲ್ಲ. ಬೀಟಲ್‌ನಲ್ಲಿ ಕ್ಲಚ್‌ಗಾಗಿ, ಮಿನಿಯಲ್ಲಿ ಗೇರ್‌ಬಾಕ್ಸಿಗಾಗಿ ಇಳಿಯುತ್ತಿತ್ತು. ಅಗತ್ಯ ಬಿದ್ದಾಗಲೂ ಇಂದು ಮನೆಯವನು ಕೈಹಾಕುವುದಿಲ್ಲ ಎಂಬುದನ್ನು ಬಾಳಿಕೆಯ ವಾದ ವಿವರಿಸುವುದಿಲ್ಲ. ಇನ್ನು ಎಂಜಿನ್ ಇಳಿಸುವುದಕ್ಕೆ ಕಂಪ್ಯೂಟರ್ ಅಡ್ಡಿಯಲ್ಲ ಎಂಬುದಕ್ಕೆ ಸಾಕ್ಷಿ ಹೇಳುವುದೂ ಮಿನಿಯೇ. 1990ರ ದಶಕದಲ್ಲಿ ಅದಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂತು, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಬಂತು. ಸಬ್‌ಫ್ರೇಮ್, ಸಂಪಿನೊಳಗಿನ ಗೇರ್‌ಬಾಕ್ಸ್ ಹಾಗೆಯೇ ಉಳಿದವು. 2000ದ ಅಕ್ಟೋಬರ್‌ನಲ್ಲಿ ಲಾಂಗ್‌ಬ್ರಿಡ್ಜ್ ಕಾರ್ಖಾನೆಯಿಂದ ಕೊನೆಯ ಹಳೆಯ ಮಿನಿ ಹೊರಬಂದಾಗಲೂ ಅದರ ಎಂಜಿನ್ನನ್ನು ಮೇಲಿನಿಂದಲೂ ತೆಗೆಯಬಹುದಿತ್ತು, ಕೆಳಗಿನಿಂದಲೂ ತೆಗೆಯಬಹುದಿತ್ತು.