ಕ್ರೋಶಾ ಹೂ

ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ, ಕುಣಿಕೆಯೊಳಗೆ ಕುಣಿಕೆ ಎಳೆದು ಹೆಣೆಯುವ ಸಣ್ಣ ಅಲಂಕಾರದ ಹೂ. ಸ್ವೆಟರಿಗೋ ಶಾಲಿಗೋ ತಂದ ದಾರದಲ್ಲಿ ಮಿಕ್ಕಿದ ತುಂಡು ಇದಕ್ಕೆ ಸಾಕು. ಕ್ರೋಶಾದ ನಮೂನೆಗಳು ಯುರೋಪಿನಲ್ಲಿ ಅಚ್ಚಾಗತೊಡಗಿದ್ದು 1820ರ ದಶಕದಲ್ಲಿ, ‘ಪೆನೆಲೊಪೆ’ ಎಂಬ ಡಚ್ ಪತ್ರಿಕೆಯಲ್ಲಿ. ಮುಂದಿನ ಮೂವತ್ತು ವರ್ಷಗಳಲ್ಲಿ ಈ ಕಲೆ ಬಡವರ ಮನೆಗಳಿಗೂ ಹೊಕ್ಕಿತು. ಅದರಲ್ಲಿ ಹೂವಿಗೂ ಪಾಲಿತ್ತು. ಕಡಿಮೆ ದಾರ, ಕಡಿಮೆ ಬಿಡುವು ಇರುವವರು ಒಂದೇ ಕೂರಿಕೆಯಲ್ಲಿ ಮುಗಿಸಬಹುದಾದ ವಸ್ತು ಅದು.

ಎರಡು ಕಡ್ಡಿಗಳ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆಯೇ ಇರಬೇಕು, ಒಂದು ಜಾರಿದರೂ ಕೆಲಸ ಕೆಟ್ಟಂತೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಬಿಚ್ಚಿಕೊಳ್ಳಬಲ್ಲ ಕುಣಿಕೆ ಒಂದೇ. ಹಾಗಾಗಿ ಕಡ್ಡಿಯನ್ನು ಯಾವ ದಿಕ್ಕಿಗೆ ಬೇಕಾದರೂ ತಿರುಗಿಸಿ, ನಡುವಿನಿಂದ ಹೊರಕ್ಕೆ ಸುತ್ತುಸುತ್ತಾಗಿ ಬೆಳೆಸಬಹುದು. ಐದಾರು ಚೈನ್ (ಸರಪಳಿ ಕುಣಿಕೆ) ಹಾಕಿ ಉಂಗುರ ಮಾಡುತ್ತಾರೆ. ಅದರ ಸುತ್ತ ಸಣ್ಣ ಸಣ್ಣ ಕಮಾನು ಕಟ್ಟಿ, ಒಂದೊಂದು ಕಮಾನನ್ನೂ ಎಸಳಾಗಿ ತುಂಬುತ್ತಾರೆ. ಎಸಳಿನ ಎರಡು ತುದಿಗೆ ಗಿಡ್ಡ ಹೆಣಿಗೆ, ನಡುವೆ ಉದ್ದನೆಯದು. ಅಷ್ಟರಿಂದಲೇ ದುಂಡಗಿನ ಅಂಚು ಮೂಡುತ್ತದೆ. ಒಂದೇ ಕುಣಿಕೆಯಲ್ಲಿ ಎರಡು ಮೂರು ಸಲ ಹೆಣೆದರೆ ಅಂಚು ಹಿಡಿಸಲಾರದೆ ನಿರಿಗೆಗಟ್ಟುತ್ತದೆ. ಹಾಗೆ ನಿರಿಗೆಯಾದ ಪಟ್ಟಿಯನ್ನು ಸುರುಳಿ ಸುತ್ತಿ ಬುಡಕ್ಕೆ ಹೊಲಿಗೆ ಹಾಕಿದರೆ ಗುಲಾಬಿ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ದೈನಾ ತೈಮಿನಾ 1997ರಲ್ಲಿ ಇದೇ ನಿರಿಗೆಯ ಉಪಾಯದಿಂದ ಹೈಪರ್ಬಾಲಿಕ್ ಜ್ಯಾಮಿತಿಯ ಮೇಲ್ಮೈಯನ್ನು ಹೆಣೆದು, ವಿದ್ಯಾರ್ಥಿಗಳು ಮುಟ್ಟಿ ನೋಡುವಂತೆ ಮಾಡಿದರು.

ಹೂವಿನ ಕ್ರೋಶಾ ಜೀವನೋಪಾಯವಾಗಿ ಬೆಳೆದ ಮುಖ್ಯ ನೆಲ ಐರ್ಲೆಂಡ್. 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ, ಮುಂದಿನ ಕೆಲವೇ ವರ್ಷಗಳ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಕಾರ್ಕ್ ಪಟ್ಟಣದ ಬಳಿಯ ಬ್ಲ್ಯಾಕ್‌ರಾಕ್‌ನಲ್ಲಿ ಉರ್ಸುಲೈನ್ ಸನ್ಯಾಸಿನಿಯರು ಹುಡುಗಿಯರಿಗೆ ಕ್ರೋಶಾ ಕಲಿಸಿದರು. ಮೊನಾಹನ್ ಪ್ರಾಂತದ ಕ್ಲೋನ್ಸ್ ಊರಿಗೆ 1847ರಲ್ಲಿ ಬಂದ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್, ಕಿಲ್ಡೇರ್‌ನಿಂದ ಕಲಿಸುವವರನ್ನು ಕರೆಸಿ ಊರಿನ ಹೆಂಗಸರಿಗೆ ಈ ಕೆಲಸ ಹಚ್ಚಿದರು. ಸೂಜಿಯಿಂದ ಮಾಡುವ ವೆನಿಸ್ ಲೇಸಿಗೆ ಬೆಲೆ ಬಹಳ, ಹಿಡಿಯುವ ಕಾಲವೂ ಬಹಳ. ಅದೇ ಉಬ್ಬುಚಿತ್ತಾರದ ಚೆಲುವನ್ನು ಕೊಕ್ಕೆಕಡ್ಡಿ ಬಲು ಬೇಗ ಕೊಡುತ್ತಿತ್ತು. ಐರಿಶ್ ತಾಯಿಯ ಮಗಳು, ಲಂಡನ್ನಿನ ಎಲಿಯನೋರ್ ರಿಯೇಗೊ ಡಿ ಲಾ ಬ್ರಾಂಷಾರ್ಡಿಯೇರ್ ಬರೆದ ನಮೂನೆ ಪುಸ್ತಕಗಳು ಈ ಬಗೆಯನ್ನು ಎಲ್ಲೆಡೆ ಹಬ್ಬಿಸಿದವು.

ಐರಿಶ್ ಗುಲಾಬಿಯನ್ನು ಹತ್ತಿರದಿಂದ ನೋಡಬೇಕು. ಎಸಳುಗಳು ಮೂರು ಪದರ. ಮೊದಲ ಪದರ ಮುಗಿದ ಮೇಲೆ ಅದರ ಬೆನ್ನಿಗೆ ಕಮಾನು ಕಟ್ಟಿ ಎರಡನೆಯದನ್ನು, ಅದರ ಬೆನ್ನಿಗೆ ಮೂರನೆಯದನ್ನು, ಪ್ರತಿಸಲವೂ ಕೊಂಚ ದೊಡ್ಡದಾಗಿ ಹೆಣೆಯುತ್ತಾರೆ. ಎಲೆ, ಬಳ್ಳಿಗಳಿಗೆ ಒಳಗೆ ದಪ್ಪ ದಾರವಿಟ್ಟು ಅದರ ಮೇಲೆ ಹೆಣೆಯುವುದರಿಂದ ಅಂಚು ಉಬ್ಬಿ ನಿಲ್ಲುತ್ತದೆ. ಹೂ, ಮೂರೆಲೆಯ ಶ್ಯಾಮ್‌ರಾಕ್, ದ್ರಾಕ್ಷಿಗೊಂಚಲು ಎಲ್ಲವೂ ಬಿಡಿಬಿಡಿಯಾಗಿ ತಯಾರಾಗುತ್ತವೆ. ಆಮೇಲೆ ಅವನ್ನು ಬಟ್ಟೆಯ ಮೇಲೆ ಜೋಡಿಸಿ, ನಡುವೆ ಬಲೆ ಹೆಣೆದು ಕೂಡಿಸುತ್ತಾರೆ. ಕ್ಲೋನ್ಸ್ ಕೆಲಸದ ಗುರುತು ಆ ಬಲೆಯಲ್ಲಿನ ಪುಟ್ಟ ಗಂಟು. ಗುಡಿಸಲಿನಲ್ಲಿ ಕೂತವಳು ಇಡೀ ಕಾಲರಿಗೆ ಬೇಕಾದಷ್ಟು ನೂಲು ಇಟ್ಟುಕೊಳ್ಳಬೇಕಾಗಿರಲಿಲ್ಲ, ಒಂದೊಂದು ಹೂ ಮಾಡಿ ಕೊಟ್ಟರಾಯಿತು. ಹಸಿದ ಮನೆಗೆ ಇದಕ್ಕಿಂತ ಹೊಂದುವ ಕಸುಬು ಆಗ ಹೆಚ್ಚಿರಲಿಲ್ಲ. 20ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ಉಡುಪುಗಳಲ್ಲೂ ಮೆರೆದ ಈ ಲೇಸು, ಮೊದಲ ಮಹಾಯುದ್ಧದ ನಂತರ ಉಡುಪಿನ ರುಚಿ ಬದಲಾದಾಗ ಬೇಡಿಕೆ ಕಳೆದುಕೊಂಡಿತು.

ಟರ್ಕಿಯಲ್ಲಿ ತಲೆವಸ್ತ್ರದ ಅಂಚಿಗೆ ಹೆಣೆಯುವ ‘ಓಯಾ’ ಬೇರೆಯೇ ಪರಂಪರೆ. ಅದರಲ್ಲಿ ಹೂವು, ಕಾಯಿಗಳಿಗೆ ಅರ್ಥವುಂಟು. ಮೆಣಸಿನಕಾಯಿಯ ಅಂಚು ತೊಟ್ಟ ಹೆಂಡತಿಗೆ ಗಂಡನ ಮೇಲೆ ಮುನಿಸಿದೆ ಎಂದು ನೋಡಿದವರು ತಿಳಿಯುತ್ತಿದ್ದರು.

ಭಾರತದಲ್ಲಿ ಈ ಕಸುಬಿನ ದೊಡ್ಡ ನೆಲೆ ಗೋದಾವರಿ ಮುಖಜಭೂಮಿಯ ನರಸಾಪುರ. 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಲೇಸು ಅಲ್ಲಿ ರಫ್ತಿನ ಸರಕಾಯಿತು. ಹೂ ಹೆಣೆಯುವವರು ಒಬ್ಬರು, ಕೂಡಿಸುವವರು ಇನ್ನೊಬ್ಬರು ಎಂಬ ಹಂಚಿಕೆ ಇಲ್ಲಿಯೂ ಬಂತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ 1982ರ ತಮ್ಮ ಪುಸ್ತಕದಲ್ಲಿ ಈ ಹೆಂಗಸರ ಪಾಡನ್ನು ದಾಖಲಿಸಿದರು. ಗೃಹಿಣಿಯರು ಬಿಡುವಿನಲ್ಲಿ ಮಾಡುವ ಕೆಲಸ ಎಂಬ ನೆಪದಲ್ಲಿ ಕೂಲಿ ತೀರಾ ಕೆಳಗೇ ಉಳಿದಿತ್ತು, ಲಾಭ ವ್ಯಾಪಾರಿಗಳ ಕೈ ಸೇರುತ್ತಿತ್ತು. ಅಂಗೈಯಗಲದ ಹೂವಿಗೂ ಕಣ್ಣು, ಬೆರಳು, ಸಮಯ ಬೇಕು. ಅದನ್ನು ಬಿಡುವಿನ ಕೆಲಸವೆಂದು ಕರೆದದ್ದು ಅನ್ಯಾಯವೇ.

ಮಿಕ್ಕ ಉಣ್ಣೆಯ ಬಳಕೆಗೆ ಬೇರೊಂದು ದಾರಿಯಿದೆ. ಅಮೆರಿಕದ ‘ಪ್ರೇರಿ ಫಾರ್ಮರ್’ ಪತ್ರಿಕೆ 1885ರಲ್ಲಿ ತುಂಡು ಉಣ್ಣೆಯ ಚೌಕಗಳನ್ನು ಹೆಣೆಯುವ ಕ್ರಮವನ್ನು ಪ್ರಕಟಿಸಿತು. ಇಂದು ‘ಗ್ರ್ಯಾನಿ ಸ್ಕ್ವೇರ್’ ಎನ್ನುವುದು ಇಂಥದ್ದನ್ನೇ. ಎರಡನೇ ಮಹಾಯುದ್ಧದ ಮತ್ತು ಅನಂತರದ ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ರೇಷನ್ ಇದ್ದಾಗ, ಹಳೆಯ ಸ್ವೆಟರ್ ಬಿಚ್ಚಿ ಮತ್ತೆ ಹೆಣೆಯುವುದು ಮನೆಮನೆಯ ರೂಢಿಯಾಗಿತ್ತು. ಹೂವಿಗೇ ಮರಳಿದರೆ, ಹತ್ತಿರದ ಕಾಲದ ದೊಡ್ಡ ಕೆಲಸ ಆಸ್ಟ್ರೇಲಿಯಾದ ಮೆಲ್ಬರ್ನ್‌ನದು. ಲಿನ್ ಬೆರಿ, ಮಾರ್ಗರೆಟ್ ನೈಟ್ ಎಂಬಿಬ್ಬರು ಯುದ್ಧಕ್ಕೆ ಹೋಗಿದ್ದ ತಮ್ಮ ತಂದೆಯರ ನೆನಪಿಗೆ 2013ರಲ್ಲಿ ಕೆಂಪು ಪಾಪಿ ಹೂಗಳನ್ನು ಹೆಣೆಯತೊಡಗಿದರು. ಗುರಿ 5,000 ಹೂಗಳದಾಗಿತ್ತು. 2015ರ ಏಪ್ರಿಲ್‌ನಲ್ಲಿ, ಮೊದಲ ಮಹಾಯುದ್ಧದ ಗಲಿಪೊಲಿ ಕಾಳಗದ ನೂರನೇ ವರ್ಷಕ್ಕೆ, ನಗರದ ಫೆಡರೇಶನ್ ಚೌಕದಲ್ಲಿ ಹರಡಿದ್ದು ಎರಡೂವರೆ ಲಕ್ಷಕ್ಕೂ ಹೆಚ್ಚು. ಮರುವರ್ಷ ಲಂಡನ್ನಿನ ಚೆಲ್ಸಿ ಪುಷ್ಪಪ್ರದರ್ಶನದಲ್ಲಿ ಸುಮಾರು 3 ಲಕ್ಷ ಹೂಗಳು ನೆಲ ಮುಚ್ಚಿದವು.

ಕರ್ನಾಟಕದ ಮನೆಗಳಲ್ಲಿ ಕ್ರೋಶಾ ಹೂ ಹೆಚ್ಚಾಗಿ ಕಾಣುವುದು ಬಾಗಿಲ ತೋರಣದಲ್ಲಿ, ದೇವರ ಪಟದ ಹಾರದಲ್ಲಿ, ಮಕ್ಕಳ ಟೊಪ್ಪಿಗೆ ಮತ್ತು ಕ್ಲಿಪ್ಪುಗಳಲ್ಲಿ. ಇಲ್ಲಿ ಬಳಸುವ ‘ಉಲ್ಲನ್’ ಬಹುಪಾಲು ಅಕ್ರಿಲಿಕ್ ದಾರ. ಅದಕ್ಕೆ ಹುಳ ಹಿಡಿಯುವುದಿಲ್ಲ, ಧೂಳಾದರೆ ಒಗೆದು ಮತ್ತೆ ಕಟ್ಟಬಹುದು. ಆದರೆ ನುಣುಪಾದ್ದರಿಂದ ಗಂಟು ಸಡಿಲವಾಗುತ್ತದೆ. ಆದಕಾರಣ ದಾರದ ತುದಿಯನ್ನು ಗಿಡ್ಡಕ್ಕೆ ಕತ್ತರಿಸದೆ ಬೆರಳುದ್ದ ಬಿಟ್ಟು, ಹೂವಿನ ಬೆನ್ನಿಗೆ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸೂಜಿಯಿಂದ ತೂರಿಸುತ್ತಾರೆ.